ಓಟಿ ಇಲ್ಲ

ಮನಾಮಾದ ಗುದೈಬಿಯಾ, ಕೋಲ್ಡ್ ಸ್ಟೋರಿನ ಮೇಲಿನ ಕೋಣೆ.
ನನ್ನ ವೀಸಾ ಸ್ಟಾಂಪಾಗುವ ತನಕ ನಾಲ್ಕು ತಿಂಗಳು
ನಾನೂ ಅಲ್ಲೇ, ನೆಲದ ಮೇಲೆ, ಫ್ರಿಜ್ಜಿನ ಬುಡದಲ್ಲಿ.
ಗಂಗೊಳ್ಳಿಯ ಬಚ್ಚ ಮೊಗವೀರರಿಗೆ ಹಾಸಿಗೆಯಿತ್ತು,
ಅದೂ ಅರ್ಧ ದಿನದ್ದು:
ಅವರೆದ್ದ ಬಿಸಿಗೇ ರಾತ್ರಿಪಾಳಿಯ ಬಿಜು ಬಂದು ಬೀಳುತ್ತಿದ್ದ.
ಗಡ್ಡ ಹೆರೆಯುತ್ತ ಕನ್ನಡಿಗೆ ಹೇಳುತ್ತಿದ್ದರು ಬಚ್ಚಣ್ಣ:
"ನಂಗಿಂತ ನನ್ ಹಾಸ್ಗೆಗೇ ಡ್ಯೂಟಿ ಜಾಸ್ತಿ ಕಾಣ್,
ಇಪ್ಪತ್ನಾಕ್ ಗಂಟೆ. ಓಟಿ ಇಲ್ಲ."
ದಿನಾ ಅದೇ ಜೋಕು. ದಿನಾ ನಗುತ್ತಿದ್ದೆವು,
ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡು.

ಆಮೇಲೆ ನನಗೆ ಸೀಫಿನಲ್ಲಿ ಕೆಲಸ ಸಿಕ್ಕಿತು,
ಗಾಜಿನ ಕಟ್ಟಡ, ಸಮುದ್ರ ಕಾಣುವ ಕುರ್ಚಿ.
ಹಾಸಿಗೆ ಕಂಪನಿಯೊಂದಕ್ಕೆ ನಗೆ ಬೇಕಾಗಿತ್ತು,
ಜನ ಒಬ್ಬರಿಗೊಬ್ಬರು ಕಳಿಸಿಕೊಳ್ಳುವಂಥದ್ದು.
ಸಭೆಯಲ್ಲಿ ಎಲ್ಲರೂ ಬರಿಗೈ. ನನ್ನ ಬಾಯಿ ತೆರೆದುಕೊಂಡಿತು.
ಮೇಜು ತಟ್ಟಿ ನಕ್ಕರು. ಒಬ್ಬಾಕೆಯ ಕಾಡಿಗೆ ಇಳಿಯಿತು.
ಮ್ಯಾನೇಜರ್ ಒಂದೇ ಒಂದು ಮಾತು ತಿದ್ದಿದ:
ಓಟಿ ಅಂದರೆ ವಕೀಲರು ಗೊಣಗುತ್ತಾರೆ, ಬೇಡ.

ಬುಧವಾರ ಸಂಜೆ ಹೊರಟಿತು, ನೀಲಿಯ ಮೇಲೆ ಬಿಳಿ ಅಕ್ಷರ:
ಎರಡು ಪಾಳಿ, ಇಬ್ಬರು, ಒಂದೇ ಹಾಸಿಗೆ.
ಇಪ್ಪತ್ನಾಲ್ಕು ಗಂಟೆ ಡ್ಯೂಟಿ. ದೂರಿಲ್ಲ.

ಇಶಾ ನಮಾಜಿನ ಹೊತ್ತಿಗೆ ಎಂಟು ಸಾವಿರ ನಗುಮುಖ.
ನಡುರಾತ್ರಿಗೆ ಮುಖಗಳು ಕೆಂಪಾದವು.
ರಿಫಾದ ಹುಡುಗನೊಬ್ಬ ತನ್ನ ಹಾಸಿಗೆಯನ್ನು ಅಂಗಳಕ್ಕೆಳೆದು
ಹೊಟ್ಟೆ ಸೀಳಿ ವಿಡಿಯೊ ಹಾಕಿದ;
ಹೊರಬಿದ್ದ ಸ್ಪ್ರಿಂಗು ಬೇರೆ ಕಂಪನಿಯದೆಂದು
ಇನ್ನೊಬ್ಬ ಪತ್ತೆ ಹಚ್ಚಿದ.
ಸಿತ್ರಾದ ನರ್ಸೊಬ್ಬಳು ಬರೆದಳು, ತನ್ನ ಅಪ್ಪ
ಹದಿನೇಳು ವರ್ಷ ಬಲಮಗ್ಗುಲಲ್ಲೇ ಮಲಗಿದ್ದನ್ನು,
ಊರಿನ ಅಗಲ ಮಂಚದಲ್ಲೂ ಅಂಚಿಗೇ ಒತ್ತಿಕೊಂಡದ್ದನ್ನು.
ಅದರ ಕೆಳಗೇ ಒಬ್ಬ: ಈಗಿನವರಿಗೆ ಜೋಕೂ ಜೀರ್ಣವಾಗದು.
ಅವನ ಕೆಳಗೆ: ನಿನ್ನ ಡ್ರೈವರ್ ಎಲ್ಲಿ ಮಲಗುತ್ತಾನೆ, ಮೊದಲು ಹೇಳು.
ಎದುರಾಳಿ ಕಂಪನಿ ಒಂದು ದಿಂಬಿನ ಚಿತ್ರ ಹಾಕಿ ಸುಮ್ಮನಿತ್ತು.
ನಡುವೆ ಯಾರೋ ಕೇಳಿದರು, ಮೂರು ಸಲ,
ಹಮದ್ ಟೌನಿಗೆ ಡೆಲಿವರಿ ಫ್ರೀಯಾ?

ಸಿಟ್ಟು ನಿಜವೇ. ಆದರೆ ಅದಕ್ಕೂ ಒಂದು ಪಾಳಿ ಇತ್ತು:
ಗುರುವಾರ ಮಧ್ಯಾಹ್ನ ಐಸ್‌ಕ್ರೀಮ್ ಕಂಪನಿಯ
ಎಡವಟ್ಟೊಂದು ಸಿಕ್ಕಿ ಜನ ಅತ್ತ ಹೊರಳಿದರು.

ಅಷ್ಟರಲ್ಲಿ ಕ್ಷಮಾಪಣೆ ಬರೆಯಲು ನನ್ನನ್ನೇ ಕೂರಿಸಿದ್ದರು.
ಯಾರ ಮನಸ್ಸಿಗಾದರೂ ನೋವಾಗಿದ್ದರೆ.
ಅರಬ್ಬಿಗೂ ಇಂಗ್ಲಿಷಿಗೂ ಹೋಗುವ ಮುಂಚೆ
ನನ್ನ ತಲೆಯಲ್ಲಿ ಅದು ಕನ್ನಡದಲ್ಲೇ ಇತ್ತು;
ಆ 'ದ್ದರೆ' ಎಂಬ ಗಿಡ್ಡ ಬಾಲದ ಹಿಂದೆ
ಹನ್ನೊಂದು ಮಹಡಿಯ ಕಂಪನಿ ನುಸುಳಿ ಕೂತಿತು,
ಕೊನೆಯ ಸಂದಿನಲ್ಲಿ ನಾನು.

ಶುಕ್ರವಾರ ಅರ್ಧ ಕಿಲೊ ಖರ್ಜೂರ ಹಿಡಿದು ಮೆಟ್ಟಿಲು ಹತ್ತಿದೆ.
ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.
ಬನಿಯನ್ನಲ್ಲಿ ಕೂತು ಬಂಗುಡೆ ಕೊಯ್ಯುತ್ತಿದ್ದ ಬಚ್ಚಣ್ಣ
ಮೀನು ಅಂಟಿದ ಹೆಬ್ಬೆರಳಲ್ಲಿ ಫೋನು ಉಜ್ಜಿ ತೋರಿಸಿದರು:
"ಹ್ವಾಯ್, ಇದ್ ನಂದೇ ಅಲ್ದಾ?"
ಹೌದು ಅಂದೆ.
ಅರ್ಥವನ್ನು ಯಾರಿಂದಲೋ ಹೇಳಿಸಿಕೊಂಡಿದ್ದರು, ಪದಪದವಾಗಿ.
"ಮತ್ತೆ ಓಟಿ ಎಲ್ಲ್ ಹೋಯ್ತ್?"

ಉತ್ತರಕ್ಕೆ ಕಾಯಲಿಲ್ಲ. ಪೊಟ್ಟಣ ಹರಿದು
ಖರ್ಜೂರ ಒಬ್ಬೊಬ್ಬರಿಗೆ ದಾಟಿಸುತ್ತ
ಜೋಕನ್ನು ಮೊದಲಿಂದ ಹೇಳಿದರು, ಕೊನೆಯ ಪದದ ತನಕ.
ಕೋಣೆ ಹೋ ಎಂದಿತು.
"ಮೆಲ್ಲ ನೆಗಾಡಿ ಮರ್ರೆ," ಅಂದರು,
ತಮ್ಮ ನಗುವನ್ನೇ ತಡೆಯಲಾರದೆ, "ಬಿಜು ಮನಿಕಂಡಿದ್ದ."
ಪರದೆಯಾಚೆ ಹಾಸಿಗೆ ಕಿರ್ರೆಂದು ಮಗ್ಗುಲು ಬದಲಿಸಿತು.
ಎಲ್ಲರೂ ಬಾಯಿಗೆ ಅಂಗೈ ಒತ್ತಿ,
ಸದ್ದಿಲ್ಲದೆ, ಬರೀ ಭುಜಗಳಲ್ಲಿ ನಗತೊಡಗಿದರು.
ನನ್ನ ಕೈಗೆ ಚೂರಿ ಕೊಟ್ಟರು.
ಇನ್ನೂ ನಾಲ್ಕು ಮೀನಿದ್ದವು.